ಎ.ಸಿ.ಯ ತಂಪು ಮತ್ತು ಮೆಕ್ಯಾನಿಕ್‌ನ ಬೆನ್ನು



"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕೆಲಸ ಮಾಡಿದವನ ಸೊಂಟವೇ ಹಿಡಿದುಕೊಂಡರೆ ಮೊಸರು ತಿನ್ನಲು ಕೂರುವುದು ಹೇಗೆ? ಈ ಪ್ರಶ್ನೆ ನನಗೆ ಬಂದದ್ದು ನನ್ನ ಸೋದರಮಾವನಿಂದ. ಮಾವ ಸಿದ್ದಾಪುರ ತಾಲ್ಲೂಕಿನವನು. ಐ.ಟಿ.ಐ. ಕಲಿತು ಬೆಂಗಳೂರಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದಾನೆ. ಕಳೆದ ಬೇಸಿಗೆಯಲ್ಲಿ ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಒಬ್ಬನೇ ಎತ್ತಿಕೊಂಡು ಮೂರನೇ ಮಹಡಿಗೆ ಹತ್ತುವಾಗ ಅವನ ಸೊಂಟ ಹಿಡಿದುಬಿಟ್ಟಿತು. ಒಂದೂವರೆ ತಿಂಗಳು ಊರಿಗೆ ಬಂದು ಜಗುಲಿಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದ. ಆಗ ಅವನು ಹೇಳಿದ್ದನ್ನೂ ವಿಜ್ಞಾನದ ಪಾಠದಲ್ಲಿ ಕಲಿತದ್ದನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ಎ.ಸಿ. ಹೇಗೆ ಕೆಲಸ ಮಾಡುತ್ತದೆ?

1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಒಂದು ಮುದ್ರಣಾಲಯಕ್ಕಾಗಿ ಇಂಥ ಯಂತ್ರವನ್ನು ರಚಿಸಿದರು. ಅದು ಮನುಷ್ಯರನ್ನು ತಂಪು ಮಾಡಲಿಕ್ಕೆ ಅಲ್ಲ, ಕಾಗದಕ್ಕಾಗಿ! ಗಾಳಿಯ ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಈ ಗೋಡೆಪತ್ರಿಕೆಯ ಹಾಳೆ ಸುಕ್ಕಾಗುತ್ತದಲ್ಲ, ಹಾಗೇ.

ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದರಿಂದಲೇ. ಎ.ಸಿ.ಯಲ್ಲಿ ನೀರಿನ ಬದಲು ಬೇರೆ ಅನಿಲ ಇರುತ್ತದೆ. ಈಗ ಬಹಳ ಬಳಸುವ ಆರ್-32 ಎಂಬುದು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಒಳಗಿನ ಪೆಟ್ಟಿಗೆಯಲ್ಲಿ ಅದು ಆವಿಯಾಗಿ ಕೋಣೆಯ ಶಾಖ ಹೀರುತ್ತದೆ. ಹೊರಗಿನ ಪೆಟ್ಟಿಗೆಯ ಕಂಪ್ರೆಸರ್ ಅದನ್ನು ಒತ್ತುತ್ತದೆ. ಆಗ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

"ಒಂದು ಟನ್ ಎ.ಸಿ." ಅಂದರೆ ಅದರ ತೂಕ ಒಂದು ಟನ್ ಅಂತ ನಾನು ತಿಳಿದಿದ್ದೆ. ಮಾವ ನಕ್ಕುಬಿಟ್ಟ. ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಬೇಕಾಗುವಷ್ಟು ಶಾಖವನ್ನು ಅದು ತೆಗೆಯುತ್ತದೆ ಅಂತ ಅರ್ಥ. ಆದರೂ ಹೊರಗಿನ ಪೆಟ್ಟಿಗೆ ಹಗುರವೇನಲ್ಲ. ಮನೆಗೆ ಹಾಕುವಂಥದ್ದೇ 25ರಿಂದ 40 ಕೆ.ಜಿ. ತೂಗುತ್ತದೆ.

ಎರ್ಗೊನಾಮಿಕ್ಸ್ ಎಂದರೇನು?

ಗ್ರೀಕ್ ಭಾಷೆಯಲ್ಲಿ ಎರ್ಗೊನ್ ಎಂದರೆ ಕೆಲಸ, ನೊಮೋಸ್ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ವಿಜ್ಞಾನಿಯೊಬ್ಬರು ಇವೆರಡನ್ನೂ ಸೇರಿಸಿ ಈ ಪದ ಮಾಡಿದರು. ಸುಲಭವಾಗಿ ಹೇಳುವುದಾದರೆ, ಮನುಷ್ಯ ಯಂತ್ರಕ್ಕೆ ತಕ್ಕಂತೆ ಬಗ್ಗಬಾರದು, ಯಂತ್ರವನ್ನೇ ಮನುಷ್ಯನಿಗೆ ತಕ್ಕಂತೆ ಮಾಡಬೇಕು.

ಬೆನ್ನಿನ ಲೆಕ್ಕ

ಸನ್ನೆಯ ಪಾಠ ನೆನಪು ಮಾಡಿಕೊಳ್ಳಿ. ನಮ್ಮ ಸೊಂಟದ ಹತ್ತಿರದ ಮೂಳೆ ಆನಿಕೆ ಇದ್ದ ಹಾಗೆ. ಬೆನ್ನಿನ ಸ್ನಾಯು ಅದರಿಂದ ಸುಮಾರು 5 ಸೆಂ.ಮೀ. ಹಿಂದೆ ಇರುತ್ತದೆ. ಕೈಯಲ್ಲಿ ಹಿಡಿದ ಭಾರ ಮುಂದೆ ಇರುತ್ತದೆ. 30 ಕೆ.ಜಿ. ಪೆಟ್ಟಿಗೆಯನ್ನು ಆನಿಕೆಯಿಂದ 40 ಸೆಂ.ಮೀ. ಮುಂದೆ ಹಿಡಿದರೆ,

30 × 40 = 1200
1200 ÷ 5 = 240

ಅಂದರೆ ಬೆನ್ನಿನ ಸ್ನಾಯು 240 ಕೆ.ಜಿ. ಭಾರದಷ್ಟು ಬಲದಿಂದ ಎಳೆಯಬೇಕು! ಅದೇ ಪೆಟ್ಟಿಗೆಯನ್ನು ಮೈಗೆ ಒತ್ತಿ 20 ಸೆಂ.ಮೀ. ದೂರದಲ್ಲಿ ಹಿಡಿದರೆ 120 ಕೆ.ಜಿ. ಸಾಕು. ಪೆಟ್ಟಿಗೆ ಅದೇ, ಆದರೆ ಬೆನ್ನಿನ ಕಷ್ಟ ಅರ್ಧ. ಬಗ್ಗಿದಾಗ ನಮ್ಮ ತಲೆ, ಎದೆಯ ಭಾರವೂ ಇದಕ್ಕೆ ಸೇರುತ್ತದೆ. ಈ ಲೆಕ್ಕ ತೋರಿಸಿದಾಗ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದನ್ನ ನಂಗೆ ಮೊದಲೇ ಯಾರಾದ್ರೂ ಹೇಳಿದ್ರೆ ಚೊಲೋ ಇತ್ತು" ಅಂದ.

ಅಮೆರಿಕದ ನಿಯೋಶ್ ಎಂಬ ಸಂಸ್ಥೆ 1991ರಲ್ಲಿ ಭಾರ ಎತ್ತುವ ಸೂತ್ರವನ್ನು ತಿದ್ದಿ ಹೊಸದಾಗಿ ಮಾಡಿತು. ಅದರ ಪ್ರಕಾರ ಎಲ್ಲವೂ ಅನುಕೂಲವಾಗಿದ್ದರೂ ಒಬ್ಬರು ಎತ್ತಬೇಕಾದ್ದು ಹೆಚ್ಚೆಂದರೆ 23 ಕೆ.ಜಿ. ಭಾರ ದೂರವಾದರೆ, ಮೈ ತಿರುಚಿದರೆ, ಪದೇ ಪದೇ ಎತ್ತಿದರೆ ಇದು ಇನ್ನೂ ಕಡಿಮೆಯಾಗುತ್ತದೆ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಕೂಡ ಗಾಯವಾಗುವಷ್ಟು ಭಾರವನ್ನು ಕೆಲಸಗಾರರಿಂದ ಹೊರಿಸಬಾರದು ಎನ್ನುತ್ತಿತ್ತು.

ಎ.ಸಿ. ತಯಾರಿಸುವಲ್ಲಿ ಸುಧಾರಣೆ

1. ಕೆಲಸದ ಮೇಜು ಮೊಣಕೈ ಎತ್ತರಕ್ಕೆ ಇರಬೇಕು. ಸೂಕ್ಷ್ಮ ಕೆಲಸಕ್ಕೆ ಸ್ವಲ್ಪ ಮೇಲೆ, ಬಲ ಹಾಕುವ ಕೆಲಸಕ್ಕೆ ಸ್ವಲ್ಪ ಕೆಳಗೆ. ಎತ್ತರ ಹೆಚ್ಚು ಕಡಿಮೆ ಮಾಡಲು ಬರುವ ಮೇಜಿದ್ದರೆ ಕುಳ್ಳರಿಗೂ ಉದ್ದದವರಿಗೂ ಅನುಕೂಲ.
2. ಕಂಪ್ರೆಸರ್ ಬಹಳ ಭಾರ. ಅದನ್ನು ಕೈಯಿಂದ ಎತ್ತದೆ ಸರಪಳಿಯ ರಾಟೆಯಿಂದ ಎತ್ತಿ ಕೂರಿಸಬೇಕು. ಪೆಟ್ಟಿಗೆಗಳು ಉರುಳೆಗಳ ಮೇಲೆ ತಾವೇ ಮುಂದೆ ಹೋಗಬೇಕು.
3. ಸ್ಕ್ರೂ ಹಾಕುವ ಯಂತ್ರವನ್ನು ಮೇಲಿನಿಂದ ಸ್ಪ್ರಿಂಗಿಗೆ ತೂಗುಹಾಕುತ್ತಾರೆ. ಕೈ ಬಿಟ್ಟರೆ ಅದೇ ಮೇಲೆ ಹೋಗುತ್ತದೆ. ಇಡೀ ದಿನ ಹಿಡಿದರೂ ತೋಳು ಸೋಲುವುದಿಲ್ಲ.
4. ಒಬ್ಬರೇ ಇಡೀ ದಿನ ಒಂದೇ ಕೆಲಸ ಮಾಡದೆ ನಡುನಡುವೆ ಬದಲಾಯಿಸಿಕೊಳ್ಳಬೇಕು. ಅದೇ ಸ್ನಾಯು ಸವೆಯಬಾರದು.

ರಿಪೇರಿಯಲ್ಲಿ ಸುಧಾರಣೆ

ಕಾರ್ಖಾನೆಯಲ್ಲಿ ಮೇಜು ಇರುತ್ತದೆ, ರಾಟೆ ಇರುತ್ತದೆ. ರಿಪೇರಿ ಮಾಡುವವನಿಗೆ ಇರುವುದು ಏಣಿ ಮಾತ್ರ. ಇವನ ಕಷ್ಟವೇ ಹೆಚ್ಚು.

1. ಹೊರಗಿನ ಪೆಟ್ಟಿಗೆಯನ್ನು ಇಬ್ಬರು ಎತ್ತಬೇಕು. ಮೆಟ್ಟಿಲು ಹತ್ತುವ ಕೈಗಾಡಿ ಇದ್ದರೆ ಇನ್ನೂ ಒಳ್ಳೆಯದು.
2. ಏಣಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಗೋಡೆಯಿಂದ ಬುಡ ದೂರ ಇರಬೇಕು. 12 ಅಡಿ ಎತ್ತರಕ್ಕೆ ಒರಗಿಸಿದರೆ ಬುಡ 3 ಅಡಿ ಆಚೆ. ಎತ್ತರದ ಗೋಡೆಯ ಹೊರಗೆ ಕೆಲಸ ಇದ್ದರೆ ಸುರಕ್ಷತಾ ಬೆಲ್ಟ್ ಬೇಕೇ ಬೇಕು.
3. ಧೂಳಿನ ಜಾಲರಿಯನ್ನು ಮನೆಯವರೇ ಎಳೆದು ತೆಗೆದು ತೊಳೆಯುವ ಹಾಗೆ ಈಗ ಮಾಡಿದ್ದಾರೆ. ಅಷ್ಟರಮಟ್ಟಿಗೆ ಮೆಕ್ಯಾನಿಕ್ ಏಣಿ ಹತ್ತುವುದು ಕಡಿಮೆ.
4. ಎಲ್ಲಕ್ಕಿಂತ ಮುಖ್ಯ, ಮನೆ ಕಟ್ಟುವಾಗಲೇ ಹೊರಗಿನ ಪೆಟ್ಟಿಗೆಗೆ ಮನುಷ್ಯ ನಿಂತು ಕೆಲಸ ಮಾಡುವಂಥ ಜಾಗ ಬಿಡಬೇಕು. "ಪೆಟ್ಟಿಗೆಗೆ ಜಾಗ ಬಿಡ್ತಾರೆ, ನಮಗೆ ಬಿಡೂದಿಲ್ಲ" ಅಂತ ಮಾವ ಹೇಳುತ್ತಿದ್ದ.

ನಮ್ಮೂರಲ್ಲಿ ಇದು ಹೊಸದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಬ್ಯಾಂಕು, ಎ.ಟಿ.ಎಂ., ದೊಡ್ಡ ಅಂಗಡಿಗಳಲ್ಲಿ ಎ.ಸಿ. ಇದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಇಲ್ಲ. ಹಾಗಾದರೆ ನಮಗೇಕೆ ಈ ಪಾಠ ಎಂದು ಕೇಳಬಹುದು. ಅಡಿಕೆ ತೋಟಕ್ಕೆ ಬನ್ನಿ.

ಕೊನೆಗೌಡ ಕಾಲಿಗೆ ತಳೆ ಹಾಕಿ ಮರ ಹತ್ತುತ್ತಾನೆ. ತಳೆ ಇರುವುದರಿಂದ ಪಾದ ಜಾರುವುದಿಲ್ಲ. ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುತ್ತಾನೆ. ಕೊನೆಯನ್ನು ಹೊತ್ತು ಇಳಿಸುವುದಿಲ್ಲ, ನೇಣಿನ ಮೇಲೆ ಜಾರಿಬಿಡುತ್ತಾನೆ, ಕೆಳಗಿದ್ದವನು ಹಿಡಿಯುತ್ತಾನೆ. ಅಂದರೆ ಭಾರವನ್ನು ಮನುಷ್ಯ ಹೊರದೆ ಹಗ್ಗ ಹೊರುತ್ತದೆ. ಇದೇ ಎರ್ಗೊನಾಮಿಕ್ಸ್! ಸೊಪ್ಪಿನ ಬೆಟ್ಟದಿಂದ ಹೊರೆಯನ್ನು ತಲೆಯ ಮೇಲೆ ತರುವುದೂ ಹಾಗೇ. ತಲೆಯ ಮೇಲಿನ ಭಾರ ಬೆನ್ನುಮೂಳೆಯ ನೇರಕ್ಕೆ ಬರುತ್ತದೆ. ಕೈಯಲ್ಲಿ ಮುಂದೆ ಹಿಡಿದಷ್ಟು ಬೆನ್ನು ಎಳೆಯುವುದಿಲ್ಲ. ಆದರೆ ಕುತ್ತಿಗೆಗೆ ಭಾರ ತಪ್ಪುವುದಿಲ್ಲ.

ಆದರೆ ನಮ್ಮಲ್ಲೂ ತಪ್ಪುಗಳಿವೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಅಮ್ಮ, ಅಜ್ಜಿ ಗಂಟೆಗಟ್ಟಲೆ ಬಗ್ಗಿ ಕೂರುತ್ತಾರೆ. ಏಳುವಾಗ ಗೋಡೆ ಹಿಡಿದು "ಅಯ್ಯೋ ಸೊಂಟ" ಅನ್ನುತ್ತಾರೆ. ನಾವು ಅದನ್ನು ವಯಸ್ಸಿನ ನೋವು ಅಂತ ತಿಳಿಯುತ್ತೇವೆ. ಅದು ವಯಸ್ಸಿನದಷ್ಟೇ ಅಲ್ಲ, ಕೂರುವ ರೀತಿಯದೂ ಹೌದು. ಈಗ ಸುಲಿಯುವ ಯಂತ್ರ ಬಂದಿದೆ. ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿಯೂ ಬಂದಿದೆ. ಆದರೆ ದೋಟಿ ಹಿಡಿದು ಮೇಲೇ ನೋಡುತ್ತಿದ್ದರೆ ಕುತ್ತಿಗೆ ನೋಯುತ್ತದೆ. ಒಂದು ನೋವು ತೆಗೆಯಲು ಹೋಗಿ ಇನ್ನೊಂದು ತರಬಾರದು. ಯಂತ್ರ ಮಾಡುವವರು ಅದನ್ನು ಬಳಸುವವರ ಹತ್ತಿರ ಕೂತು ಕೇಳಬೇಕು.

ಕೊನೆಯ ಮಾತು

ಮಾವ ಈಗ ಮತ್ತೆ ಕೆಲಸಕ್ಕೆ ಹೋಗಿದ್ದಾನೆ. ಆದರೆ ಒಬ್ಬನೇ ಪೆಟ್ಟಿಗೆ ಎತ್ತುವುದಿಲ್ಲ. "ಇಬ್ಬರು ಬಂದ್ರೆ ಮಾತ್ರ ಎತ್ತೋದು" ಅಂತ ಹೇಳಿದ್ದಕ್ಕೆ ಮೊದಲು ಬೈಗುಳ ಸಿಕ್ಕಿತಂತೆ. ಈಗ ಜೊತೆಗೆ ಒಬ್ಬ ಹುಡುಗನನ್ನು ಕಳಿಸುತ್ತಾರಂತೆ. ನಮ್ಮೂರಿನಿಂದ ಎಷ್ಟೋ ಅಣ್ಣಂದಿರು ಇಂಥ ಕೆಲಸಕ್ಕೆ ಪೇಟೆಗೆ ಹೋಗುತ್ತಾರೆ. ನಾಳೆ ನಮ್ಮಲ್ಲಿ ಕೆಲವರು ಹೋಗಬಹುದು. ತಂಪು ಬೇಕು, ಆದರೆ ತಂಪು ಕೊಡುವವನ ಬೆನ್ನೂ ನೆಟ್ಟಗಿರಬೇಕು.

ನೀವೇ ಮಾಡಿ ನೋಡಿ: ನೀರು ತುಂಬಿದ ಒಂದು ಚಂಬನ್ನು ಎದೆಗೆ ಒತ್ತಿ 1 ನಿಮಿಷ ಹಿಡಿಯಿರಿ. ಆಮೇಲೆ ಅದನ್ನೇ ಕೈ ಚಾಚಿ 1 ನಿಮಿಷ ಹಿಡಿಯಿರಿ. ಏನು ವ್ಯತ್ಯಾಸ ಕಂಡಿತು? ಸನ್ನೆಯ ಲೆಕ್ಕದಿಂದ ಕಾರಣ ಬರೆದು ಗುರುಗಳಿಗೆ ತೋರಿಸಿ.



– 7ನೇ ತರಗತಿ