ಹೆಸರು ಹಿಡಿದು ಬಾಳೆ ಕೊಳ್ಳಿ

ಪುಣೆಯ ಹಡಪಸರಕ್ಕೆ ಹೊಸದಾಗಿ ಬಂದವರೇ, ತಳ್ಳುಗಾಡಿಯಲ್ಲಿ ಪುಟ್ಟ ಬಾಳೆಹಣ್ಣು ಕಂಡ ಕೂಡಲೇ ನಮ್ಮೂರಿನ ಏಲಕ್ಕಿಬಾಳೆ ಎಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಪಚ್ಚಬಾಳೆ ಗೊನೆಯ ತುದಿಯ ಚಿಪ್ಪಿನಲ್ಲೂ ಹಣ್ಣು ಸಣ್ಣದೇ.

ಏಲಕ್ಕಿಬಾಳೆಗೆ ಇಲ್ಲಿ ‘ವೇಲ್ಚಿ’ ಎನ್ನುತ್ತಾರೆ. ಆ ಹೆಸರು ಹೇಳಿಯೇ ಕೇಳಿ. ಕೈಯಲ್ಲಿ ಹಿಡಿದು ನೋಡಿ: ತುದಿ ಕೊಕ್ಕಿನಂತೆ ಚೂಪು, ಸಿಪ್ಪೆ ತೆಳು, ತಿರುಳು ಬಿಳಿ. ಬಣ್ಣವೊಂದನ್ನೇ ನಂಬಬೇಡಿ. ಸೆಕೆಯಲ್ಲಿ ಮಾಗಿದ ಪಚ್ಚಬಾಳೆ ಒಳಗೆ ಹಣ್ಣಾಗಿದ್ದರೂ ಹೊರಗೆ ಹಸಿರಾಗಿಯೇ ಇರುತ್ತದೆ.

ಜಳಗಾವ್‌ನಿಂದ ಬರುವ ಉದ್ದನೆಯ ಹಣ್ಣನ್ನು ಕಡೆಗಣಿಸಬೇಡಿ. ಅದೂ ಪಚ್ಚಬಾಳೆಯ ಬಳಗವೇ. ಕೊಂಕಣದ ‘ರಾಜೇಳಿ’ ನೇಂದ್ರದ ಜಾತಿಯದು. ಅದರ ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡುವವರೆಗೆ ತಾಳಿ.

ಡಜನ್ ಕೊಳ್ಳುವ ಮುನ್ನ ಒಂದು ತಿಂದು ನೋಡಿ. ನಾಲಿಗೆಗಿಂತ ದೊಡ್ಡ ಗುರುತು ಬೇರೊಂದಿಲ್ಲ.