ಪುಟಾಣಿಗಳ ಜತೆ ಬೆಂಗಳೂರು ಸುತ್ತುವುದಾದರೆ

ಹುಬ್ಬಳ್ಳಿಯ ಗೆಳತಿ ಫೋನ್ ಮಾಡಿದ್ದಳು: "ರಜಾದಾಗ ಎರಡೂ ಹುಡುಗರನ್ನ ಕರ್ಕೊಂಡು ಬರಾಕತ್ತೀನಿ. ದಿನಾ ಕ್ಯಾಬಿಗೆ ಕೊಟ್ರ ಮುಗೀತು ನಮ್ಮ ಕಥಿ."

ಕ್ಯಾಬು ಬೇಡವೇ ಬೇಡ. ಹೊತ್ತು ನೋಡಿ ಹೊರಟರೆ ಸಾಕು. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟರವರೆಗೆ ಮಕ್ಕಳ ಕೈ ಹಿಡಿದು ಮೆಜೆಸ್ಟಿಕ್ ಮೆಟ್ರೋ ನಿಲ್ದಾಣಕ್ಕೆ ಕಾಲಿಡಬೇಡಿ. ನೇರಳೆ ಮಾರ್ಗದವರು, ಹಸಿರು ಮಾರ್ಗದವರು ಎಲ್ಲರೂ ರೈಲು ಬದಲಿಸುವುದು ಅಲ್ಲೇ. ಆ ನೂಕುನುಗ್ಗಲಿನಲ್ಲಿ ದೊಡ್ಡವರ ಲ್ಯಾಪ್‌ಟಾಪ್ ಬ್ಯಾಗು ಸರಿಯಾಗಿ ಮಕ್ಕಳ ಮುಖದ ಮಟ್ಟಕ್ಕೇ ಬಂದು ಬಡಿಯುತ್ತದೆ. ತಳ್ಳುಗಾಡಿಯನ್ನಂತೂ ಊರಲ್ಲೇ ಬಿಟ್ಟು ಬನ್ನಿ. ಇಲ್ಲಿನ ಫುಟ್‌ಪಾತಿನ ಮೇಲೆ ಅದು ಹತ್ತು ಹೆಜ್ಜೆಯೂ ಓಡದು.

ಮೆಟ್ರೋದಲ್ಲಿ 3 ಅಡಿಗಿಂತ ಗಿಡ್ಡ ಮಗುವಿಗೆ ಟಿಕೆಟ್ ಇಲ್ಲ. ಎತ್ತಿಕೊಂಡೇ ಗೇಟು ದಾಟಿ. 2025ರಲ್ಲಿ ದರ ಏರಿದ ಮೇಲೆ ಮೊದಲಿನಷ್ಟು ಅಗ್ಗವಲ್ಲ, ಆದರೂ ಆಟೋಗಿಂತ ವಾಸಿ. ರೈಲಿನಲ್ಲಿ ತಿನ್ನುವ ಹಾಗಿಲ್ಲ, ಹೊಟ್ಟೆಗೆ ಹಾಕಿಯೇ ಹತ್ತಿಸಿ.

ಮಕ್ಕಳಿಗೆ ನಿಜವಾದ ಮಜಾ ಬೇಕಿದ್ದರೆ ಇಂದಿರಾನಗರದ ಕಡೆಯಿಂದ ನೇರಳೆ ಮಾರ್ಗ ಹಿಡಿಯಿರಿ. ಅಲ್ಲಿಯವರೆಗೆ ಮರದ ತುದಿಯ ಮಟ್ಟದಲ್ಲಿ ಓಡುವ ರೈಲು ಎಂ.ಜಿ. ರಸ್ತೆ ದಾಟಿದ್ದೇ ಇಳಿಜಾರಿನಲ್ಲಿ ಜಾರಿ ಸುರಂಗಕ್ಕೆ ನುಗ್ಗುತ್ತದೆ. ಕಿಟಕಿ ಕಪ್ಪಾಗುತ್ತದೆ, ಗಾಜಿನಲ್ಲಿ ಅವರವರ ಮುಖವೇ ಕಾಣುತ್ತದೆ, ಡಬ್ಬಿಯ ತುಂಬ ಕೇಕೆ! ಮುಂದಿನದೇ ಕಬ್ಬನ್ ಪಾರ್ಕ್, ಇಳಿದುಬಿಡಿ. ಬಾಲಭವನದ ಪುಟಾಣಿ ರೈಲು, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎರಡಕ್ಕೂ ನಡೆದೇ ಹೋಗಬಹುದು. ಸಣ್ಣ ಕಾಲುಗಳಿಗೆ ತುಸು ದೂರ, ಆದರೆ ಪಾರ್ಕಿನೊಳಗೆ ಹಾದರೆ ನೆರಳಿದೆ.

ಬಸ್ಸಿನ ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾದಾ ಬಿಎಂಟಿಸಿ ಬಸ್ಸು ಉಚಿತ, ಗುರುತಿನ ಚೀಟಿ ಇರಲಿ. ಆದರೆ ಪುಕ್ಕಟೆ ಎಂದು ಅದಕ್ಕೇ ಜೋತುಬೀಳಬೇಡಿ. ಅದರ ಮೆಟ್ಟಿಲು ಎತ್ತರ. ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಇಟ್ಟುಕೊಂಡು ಹತ್ತುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ದುಡ್ಡು ಕೊಟ್ಟು ತಗ್ಗು ನೆಲದ ಏಸಿ ವಜ್ರ ಹತ್ತಿ. ಚಿಲ್ಲರೆ ಮಾತ್ರ ಇಟ್ಟುಕೊಂಡಿರಿ. ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿ ಕೊಡುತ್ತಾರೆ, ನಿದ್ದೆಗಣ್ಣಿನ ಮಗುವನ್ನು ಇಳಿಸುವ ಗಡಿಬಿಡಿಯಲ್ಲಿ ಅದು ನೆನಪಾಗುವುದು ಬಸ್ಸು ತಿರುವು ದಾಟಿದ ಮೇಲೆ.

ನಿಲ್ದಾಣದ ಬಾಗಿಲಲ್ಲೇ ನಿಂತ ಆಟೋದವರು ಮಕ್ಕಳನ್ನು ಕಂಡರೆ ಬಾಯಿಗೆ ಬಂದಷ್ಟು ಕೇಳುತ್ತಾರೆ. ನೂರು ಹೆಜ್ಜೆ ಮುಂದೆ ನಡೆದು, ಓಡುತ್ತಿರುವ ಆಟೋಗೆ ಕೈ ಹಾಕಿ. ಲಾಲ್‌ಬಾಗ್‌ಗೆ ಆ ಗೋಳೂ ಇಲ್ಲ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರದಲ್ಲೇ ಇದೆ.