ನಿದ್ರೆಗೆ ಮನಸ್ಸನ್ನು ಅಣಿಗೊಳಿಸುವ ಬಗೆ

ಕೈಯನ್ನು ಎತ್ತಬೇಕೆಂದರೆ ಎತ್ತಬಹುದು; ಉಸಿರನ್ನು ಕ್ಷಣಕಾಲ ತಡೆಯಬೇಕೆಂದರೆ ತಡೆಯಬಹುದು. ಆದರೆ ನಿದ್ರಿಸಬೇಕೆಂದು ಸಂಕಲ್ಪಿಸಿದ ಮಾತ್ರಕ್ಕೆ ನಿದ್ರೆ ಬಾರದು. ಪ್ರಯತ್ನ ಹೆಚ್ಚಿದಷ್ಟೂ ಅದು ದೂರ ಸರಿಯುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲುಸೀಮೆಯಲ್ಲಿ ಮುಗಿಲನ್ನೇ ನಂಬಿ ಶೇಂಗಾ, ಮೆಕ್ಕೆಜೋಳಗಳನ್ನು ಬಿತ್ತಿದ ರೈತನಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಬಾರದ ಮಳೆ, ಕೊಳವೆಬಾವಿಯ ಸಾಲ, ಮಗಳ ಪರೀಕ್ಷೆ—ಹಗಲಿನ ದುಡಿಮೆಯಲ್ಲಿ ಮರೆಯಾಗಿದ್ದ ಚಿಂತೆಗಳೆಲ್ಲ ದೀಪವಾರಿದೊಡನೆ ಎದ್ದು ಕೂರುತ್ತವೆ. ಆಗ ಮನಸ್ಸಿಗೆ ಯಾವ ಕೆಲಸ ಕೊಡಬೇಕು? ಈ ಪ್ರಶ್ನೆಯನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಿಸೋಣ.

ಬೇಡವೆಂದರೆ ಬರುವ ಕರಡಿ

ಮೊದಲು ಮಾಡಬಾರದ ಕೆಲಸವನ್ನು ತಿಳಿಯೋಣ. ೧೯೮೭ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಐದು ನಿಮಿಷಗಳ ಕಾಲ ಬಿಳಿಯ ಕರಡಿಯನ್ನು ನೆನೆಯಬಾರದು, ನೆನಪಾದಾಗಲೆಲ್ಲ ಗಂಟೆ ಬಾರಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಗಂಟೆ ಮತ್ತೆ ಮತ್ತೆ ಬಾರಿಸಿತು! ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಿಯ ಕರಡಿಯನ್ನು ನೆನೆಯದಿರಲು ವಾಚಕರು ಯತ್ನಿಸಿ ನೋಡಬಹುದು. ನೆನಪು ಬಂದಿತೇ ಎಂದು ಕಾಯುವ ಮನಸ್ಸು ಆ ಕಾವಲಿನಿಂದಲೇ ಅದನ್ನು ಕರೆತರುತ್ತದೆ. ಚಿಂತೆಯ ವಿಷಯವೂ ಹೀಗೆಯೇ. ಅದನ್ನು ಹೊರದೂಡುವುದಕ್ಕಿಂತ ಅದರ ಜಾಗದಲ್ಲಿ ಬೇರೊಂದನ್ನು ಇರಿಸುವುದೇ ಮೇಲು.

ಎಣಿಕೆಗಿಂತ ಚಿತ್ರ

ಇರಿಸುವುದೇನನ್ನು? ಕುರಿಗಳನ್ನು ಎಣಿಸೆಂದು ಹೇಳುವ ವಾಡಿಕೆಯುಂಟು. ಆದರೆ ಎಣಿಕೆ ತೀರ ಸುಲಭ. ನಾಲಿಗೆ ಎಣಿಸುತ್ತಿರುವಾಗಲೇ ಮನಸ್ಸು ಸಾಲದ ಲೆಕ್ಕಕ್ಕೆ ಜಾರಬಲ್ಲುದು. ೨೦೦೨ರಲ್ಲಿ ಆಕ್ಸ್‌ಫರ್ಡ್‌ನ ಅಲಿಸನ್ ಹಾರ್ವೆ ಮತ್ತು ಸುಝಾನಾ ಪೇನ್ ಎಂಬವರು ನಿದ್ರಾಹೀನರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದರು. ಹಿತವಾದ, ಆಸಕ್ತಿ ಹುಟ್ಟಿಸುವ ದೃಶ್ಯವೊಂದನ್ನು ವಿವರವಾಗಿ ಕಲ್ಪಿಸಿಕೊಂಡವರು, ಯಾವ ಸೂಚನೆಯನ್ನೂ ಪಡೆಯದವರಿಗಿಂತ ತಮಗೆ ಬೇಗ ನಿದ್ರೆ ಬಂದಿತೆಂದು ತಿಳಿಸಿದರು. ಕಾರಣ ಸರಳ. ಗಮನದ ಸ್ಥಳ ಪರಿಮಿತವಾದುದು. ತುಂಬಿದ ಚಿತ್ರವು ಆ ಸ್ಥಳವನ್ನು ಆಕ್ರಮಿಸಿದರೆ ಚಿಂತೆಗೆ ಎಡೆ ಉಳಿಯದು.

ಉದಾಹರಣೆಗೆ, ಹರಪನಹಳ್ಳಿಯಲ್ಲಿ ರೈಲು ಹತ್ತಿದಂತೆ ಭಾವಿಸಿರಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳನ್ನು ದಾಟಿ ಹೊಸಪೇಟೆಯತ್ತ ಅದು ಸಾಗಲಿ. ಕಿಟಕಿಯಾಚೆಯ ಹೊಲ, ಬೇವಿನ ಮರ, ಗಾಲಿಗಳ ಸದ್ದು, ಮುಖಕ್ಕೆ ಬಡಿಯುವ ಗಾಳಿ—ಒಂದೊಂದನ್ನೂ ನಿಧಾನವಾಗಿ ನೋಡಿರಿ. ಇಲ್ಲವೇ ನಸುಕಿನಲ್ಲಿ ಹಡಗಲಿಯ ಮಲ್ಲಿಗೆ ತೋಟವನ್ನು ಹೊಕ್ಕು ಮೊಗ್ಗು ಬಿಡಿಸಿರಿ. ಮೊಗ್ಗುಗಳ ಲೆಕ್ಕ ಬೇಡ. ತಂಪು, ಪರಿಮಳ, ಬೆರಳ ತುದಿಯ ಸ್ಪರ್ಶ ಇವಿಷ್ಟು ಸಾಕು.

ಅಕ್ಷರಗಳ ಆಟ

ಕೆನಡಾದ ಲೂಕ್ ಬೋದ್ವಾ ಎಂಬ ವಿಜ್ಞಾನಿ ಇನ್ನೊಂದು ಉಪಾಯವನ್ನು ಸೂಚಿಸಿದ್ದಾರೆ. ಒಂದು ಪದವನ್ನು ಆರಿಸಿ, ಅದರ ಅಕ್ಷರಗಳಿಂದ ಮೊದಲಾಗುವ ವಸ್ತುಗಳನ್ನು ಒಂದೊಂದಾಗಿ ಚಿತ್ರಿಸಿಕೊಳ್ಳುವುದೇ ಅದು. ‘ಕಮಲ’ವೆಂಬ ಪದವನ್ನು ತೆಗೆದುಕೊಳ್ಳಿರಿ. ‘ಕ’ಕಾರಕ್ಕೆ ಕಂಬಳಿ, ಕಪ್ಪೆ, ಕದ, ‘ಮ’ಕಾರಕ್ಕೆ ಮಡಕೆ, ಮರ, ಮಂಚ. ಒಂದಕ್ಕೊಂದು ಕಥೆಯಾಗಿ ಹೆಣೆಯಬಾರದು. ನಿದ್ರೆಯ ಹೊಸ್ತಿಲಲ್ಲಿ ಮೂಡುವ ಚಿತ್ರಗಳೂ ಇಂತಹ ಬಿಡಿಬಿಡಿಯಾದವೇ ಆದುದರಿಂದ, ಈ ಆಟ ಮಿದುಳನ್ನು ಅತ್ತ ಒಯ್ಯುವುದೆಂಬುದು ಅವರ ವಾದ.

ಮಲಗುವ ಮುನ್ನ

ನಾಳೆಯ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದರೆ ಅವನ್ನು ಕಾಗದಕ್ಕೆ ಇಳಿಸಬೇಕು. ೨೦೧೮ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ೯ ನಿಮಿಷ ಮೊದಲೇ ನಿದ್ರೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ರೆ ಬೇಗ ಬಂದಿತು.

ಇಷ್ಟಾದರೂ ನಿದ್ರೆ ಬಾರದಿದ್ದರೆ ಗಡಿಯಾರವನ್ನು ನೋಡುತ್ತ ಹೊರಳಾಡಬಾರದು. ಸುಮಾರು ೨೦ ನಿಮಿಷ ಕಳೆಯಿತೆನ್ನಿಸಿದಾಗ ಎದ್ದು, ಮಂದ ಬೆಳಕಿನಲ್ಲಿ ಶಾಂತವಾಗಿ ಕುಳಿತು, ತೂಕಡಿಕೆ ಬಂದ ಮೇಲೆ ಮಲಗಬೇಕು. ಹಾಸಿಗೆಗೂ ಎಚ್ಚರಕ್ಕೂ ನಂಟು ಬೆಳೆಯದಿರಲೆಂಬುದೇ ಇದರ ಉದ್ದೇಶ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ರೆಗೆಟ್ಟು, ಮೂರು ತಿಂಗಳು ಹೀಗೆಯೇ ನಡೆದರೆ ವೈದ್ಯರನ್ನು ಕಾಣುವುದು ಅವಶ್ಯ. ಅದಕ್ಕೆ ಗುಳಿಗೆಯೊಂದೇ ಮದ್ದಲ್ಲ. ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಗೇ ಇಂದು ಮೊದಲ ಸ್ಥಾನ.

ಈ ಉಪಾಯಗಳಿಂದ ಸಾಲ ತೀರದು, ಮಳೆಯೂ ಬಾರದು. ಆದರೆ ಅವೆರಡನ್ನೂ ಎದುರಿಸಬೇಕಾದವನು ಬೆಳಿಗ್ಗೆ ದಣಿವಾರಿಸಿಕೊಂಡು ಎದ್ದರೆ ಅದು ಸಣ್ಣ ಲಾಭವಲ್ಲ.